ಹಳೇ ಕಾರಿನ ಟೆಂಪರೇಚರ್ ಮುಳ್ಳು ನಿಜ ಹೇಳುತ್ತಿದೆಯೇ?

ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಅರ್ಧ ದಾರಿಯಲ್ಲಿ ನಮ್ಮ ಹಳೇ ಬ್ರಿಟಿಷ್ ಕಾರಿನ ನೀರಿನ ಟೆಂಪರೇಚರ್ ಮುಳ್ಳು ಸರ್ರನೆ ಬಲತುದಿಗೆ ಏರಿತು. ಗಾಡಿ ಬದಿಗೆ ಹಾಕಿ ಒಂದು ಗಂಟೆ ಕಾದೆವು. ಊರಿಗೆ ಬಂದ ಮೇಲೆ ಥರ್ಮೋಸ್ಟಾಟ್ (ಎಂಜಿನ್ ನೀರಿನ ಬಿಸಿಯನ್ನು ಹದದಲ್ಲಿಡುವ ಕವಾಟ) ಬದಲಾಯಿಸಿದೆ, ಸೆಂಡರ್ (ನೀರಿನ ಬಿಸಿಯನ್ನು ಗೇಜಿಗೆ ತಿಳಿಸುವ, ಎಂಜಿನ್ನಿನಲ್ಲಿ ಕೂತ ಪುಟ್ಟ ಸಾಧನ) ಬದಲಾಯಿಸಿದೆ. ಮುಳ್ಳು ಕೆಳಗಿಳಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಡ್ಯಾಶ್‌ಬೋರ್ಡ್ ಹಿಂದಿನ ಒಂದು ಸಡಿಲ ಸ್ಕ್ರೂ. ಅವತ್ತು ಪೆಟ್ರೋಲ್ ಮುಳ್ಳನ್ನೂ ನೋಡಿದ್ದರೆ ಘಾಟಿಯಲ್ಲೇ ಗೊತ್ತಾಗುತ್ತಿತ್ತು. ಅರ್ಧ ಟ್ಯಾಂಕ್ ಇದ್ದರೂ ಅದು ಫುಲ್ ತೋರಿಸುತ್ತಿತ್ತು. ಅದು ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಮುಳ್ಳು ಏರಿದರೆ ಮೊದಲು ಅದನ್ನು ನಂಬಿ. ಗಾಡಿ ನಿಲ್ಲಿಸಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಪೂರ್ತಿ ತಣ್ಣಗಾದ ಮೇಲೆ ನೀರಿನ ಮಟ್ಟ ನೋಡಿ. ಇದರ ಉಲ್ಟಾ ಅಪಾಯವೂ ಉಂಟು. ನೀರು ಪೂರ್ತಿ ಸೋರಿಹೋಗಿದ್ದರೆ ಸೆಂಡರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆ ಕೂತಿರಬಹುದು.

ನೀರು ಸರಿಯಾಗಿದ್ದರೆ ಎಂಜಿನ್ನಿನ ನಿಜವಾದ ಬಿಸಿ ಎಷ್ಟು ಅಂತ ಅಳೆಯಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಆಗುವುದಿಲ್ಲ, ಅದು ಮೈ ಬಿಸಿ ನೋಡಲಿಕ್ಕೆ ಮಾತ್ರ. ಥರ್ಮೋಸ್ಟಾಟ್ ಕೂತಿರುವ ಲೋಹದ ಹೌಸಿಂಗ್ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿ, ಗನ್ ಅಲ್ಲಿಗೆ ಹಿಡಿಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಹಿಡಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. 82 ಡಿಗ್ರಿಯ ಥರ್ಮೋಸ್ಟಾಟ್ ಇರುವ ಗಾಡಿಯಲ್ಲಿ ಅದರ ಆಸುಪಾಸಿನ ಅಂಕಿ ಬಂತು, ಮುಳ್ಳು ಮಾತ್ರ ಕೆಂಪಿನಲ್ಲಿದೆ ಅಂದರೆ ತಪ್ಪು ಎಂಜಿನ್ನಿನದಲ್ಲ, ಗೇಜಿನ ಕಡೆಯದು.

ಈಗ ನಿಮ್ಮ ಗೇಜ್ ಯಾವ ಜಾತಿಯದು ನೋಡಿ. ಅದರ ಬೆನ್ನಿಗೆ ವೈರುಗಳಿದ್ದರೆ ಎಲೆಕ್ಟ್ರಿಕ್. ಸಣ್ಣ ಲೋಹದ ಕೊಳವೆ ಹೊರಟು ಎಂಜಿನ್ ತನಕ ಹೋಗಿದ್ದರೆ ಮೆಕ್ಯಾನಿಕಲ್. ಎರಡಕ್ಕೂ ಮದ್ದು ಬೇರೆ ಬೇರೆ.

ಎಲೆಕ್ಟ್ರಿಕ್ ಗೇಜಿನಲ್ಲಿ ಸೆಂಡರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ, ಕರೆಂಟು ಜಾಸ್ತಿ ಹರಿಯುತ್ತದೆ, ಮುಳ್ಳು ಏರುತ್ತದೆ. ಪರೀಕ್ಷೆಗೆ ಎರಡು ನಿಮಿಷ ಸಾಕು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಸೆಂಡರಿನ ವೈರು ಕಳಚಿ. ಹಳೇ ಬ್ರಿಟಿಷ್ ಗಾಡಿಗಳಲ್ಲಿ ಅದು ನೀಲಿ ಗೆರೆಯ ಹಸಿರು ವೈರು. ಮುಳ್ಳು ತಣ್ಣನೆಯ ತುದಿಗೆ ಇಳಿಯಬೇಕು. ಇಳಿಯದಿದ್ದರೆ ವೈರು ಎಲ್ಲೋ ಬಾಡಿಗೆ ತಾಗುತ್ತಿದೆ. ಎಂಜಿನ್ನಿಗೂ ಒಳಗಿನ ಸೀಟುಗಳಿಗೂ ನಡುವಿನ ತಗಡಿನ ಗೋಡೆಯನ್ನು ವೈರು ದಾಟುವ ಕಡೆ, ರಬ್ಬರ್ ಬುಶ್ ಸವೆದಿರುವ ಜಾಗದಲ್ಲಿ ಮೊದಲು ಹುಡುಕಿ.

ಆಮೇಲೆ ಆ ವೈರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ. ನೇರವಾಗಿ ಬೇಡ, ನಡುವೆ 12 ವೋಲ್ಟಿನ ಒಂದು ಪುಟ್ಟ ಬಲ್ಬು ಸೇರಿಸಿ. ಸೀದಾ ತಾಗಿಸಿ ಮರೆತುಬಿಟ್ಟರೆ ಗೇಜಿನ ಒಳಗಿನ ಸುರುಳಿ ಸುಟ್ಟುಹೋಗಬಹುದು. ಮುಳ್ಳು ನಿಧಾನಕ್ಕೆ ಏರಿದರೆ ಗೇಜೂ ವೈರೂ ಚೆನ್ನಾಗಿವೆ, ಅನುಮಾನ ಸೆಂಡರಿನ ಮೇಲೆ. ಆದರೂ ಹೊಸ ಸೆಂಡರ್ ತರುವ ಮುಂಚೆ ಹಳೆಯದನ್ನು ಬಿಚ್ಚಿ ಅದರ ಮರೆ (ತಿರುಗಿಸಿ ಕೂರಿಸುವ ಸ್ಕ್ರೂ ಗೆರೆಗಳು) ನೋಡಿ. ನೀರು ಸೋರದಿರಲಿ ಅಂತ ಯಾರೋ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಿರುತ್ತಾರೆ. ಒಂದೇ ಟರ್ಮಿನಲ್ ಇರುವ ಸೆಂಡರಿಗೆ ಅರ್ಥಿಂಗ್ ಸಿಗುವುದೇ ಆ ಮರೆಗಳ ಮೂಲಕ. ಟೇಪ್ ಕಿತ್ತು, ತುಕ್ಕು ಉಜ್ಜಿ ಹಾಕಿದರೆ ಎಷ್ಟೋ ಸಲ ಮುಳ್ಳು ಮತ್ತೆ ಸರಿ ತೋರಿಸುತ್ತದೆ.

ಈಗ ಆ ಸ್ಕ್ರೂ ವಿಷಯ. 1960ರ ದಶಕದಿಂದ ಬಹಳಷ್ಟು ಬ್ರಿಟಿಷ್ ಗಾಡಿಗಳಲ್ಲಿ ಸ್ಮಿತ್ಸ್ ಕಂಪನಿಯ ಗೇಜುಗಳ ಜೊತೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ತಗಡಿನ ಡಬ್ಬಿ ಬಂತು. ಅದೇ ವೋಲ್ಟೇಜ್ ಸ್ಟೆಬಿಲೈಸರ್. ಬ್ಯಾಟರಿಯ ಕರೆಂಟನ್ನು ಬಿಟ್ಟು ಬಿಟ್ಟು ಕಳಿಸಿ ಸರಾಸರಿ 10 ವೋಲ್ಟ್ ಕೊಡುತ್ತದೆ. ಟೆಂಪರೇಚರ್, ಪೆಟ್ರೋಲ್ ಎರಡೂ ಗೇಜುಗಳಿಗೆ ಊಟ ಅಲ್ಲಿಂದಲೇ. ಹಾಗಾಗಿ ಎರಡೂ ಮುಳ್ಳು ಒಟ್ಟಿಗೆ ಜಾಸ್ತಿ ತೋರಿಸಿದರೆ, ಅಥವಾ ಎರಡೂ ಒಟ್ಟಿಗೆ ಸತ್ತರೆ, ಸೀದಾ ಈ ಡಬ್ಬಿಯ ಹತ್ತಿರ ಹೋಗಿ. ಡಬ್ಬಿಯ ಅರ್ಥಿಂಗ್ ಅದನ್ನು ಹಿಡಿದಿರುವ ಸ್ಕ್ರೂ ಮೂಲಕ ಆಗುತ್ತದೆ. ಸ್ಕ್ರೂ ಸಡಿಲವಾದರೆ ಡಬ್ಬಿ ಕೆಲಸ ನಿಲ್ಲಿಸಿ ಪೂರಾ 12 ವೋಲ್ಟನ್ನೂ ಗೇಜಿಗೆ ಬಿಡುತ್ತದೆ. ನಮ್ಮ ಗಾಡಿಯಲ್ಲಿ ಆಗಿದ್ದು ಅದೇ.

ಆ ಡಬ್ಬಿಯ ‘ಐ’ (I) ಅಕ್ಷರದ ಟರ್ಮಿನಲ್ಲಿಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಒಂದೆರಡು ನಿಮಿಷ ಕಾಯಿರಿ. ಅಂಕಿ ಸೊನ್ನೆಗೂ 12ಕ್ಕೂ ನಡುವೆ ಕುಣಿಯುತ್ತಿದ್ದರೆ ಸ್ಟೆಬಿಲೈಸರ್ ಆರೋಗ್ಯವಾಗಿದೆ. ಗಾಬರಿ ಬೇಡ, ಅದರ ಕೆಲಸವೇ ಹಾಗೆ. 12ರಲ್ಲೇ ನಿಂತರೆ ಅರ್ಥಿಂಗ್ ಉಜ್ಜಿ ಬಿಗಿ ಮಾಡಿ. ಆಮೇಲೂ ಹಾಗೇ ಇದ್ದರೆ ಡಬ್ಬಿ ಹೋಗಿದೆ. ಎಲೆಕ್ಟ್ರಾನಿಕ್ಸ್ ಗೊತ್ತಿರುವವರು ಹಳೇ ಡಬ್ಬಿಯ ಒಳಗೇ ಸದಾ 10 ವೋಲ್ಟ್ ಕೊಡುವ 7810 ಎಂಬ ಪುಟ್ಟ ಐಸಿ (ಚಿಪ್) ಕೂರಿಸಿಕೊಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಬಾಡಿಗೆ ಜೋಡಿಸಿರುವ ಪಾಸಿಟಿವ್ ಅರ್ಥಿಂಗ್ ಗಾಡಿಯಾದರೆ 7910 ಕೇಳಬೇಕು. ಹೊರಗಿನಿಂದ ನೋಡಿದರೆ ಏನೂ ಬದಲಾಗಿರುವುದಿಲ್ಲ. ನನಗೆ ಇಷ್ಟವಾಗುವುದು ಇಂಥ ರಿಪೇರಿ.

ಇನ್ನು ಮೆಕ್ಯಾನಿಕಲ್ ಗೇಜ್. ಮಹಾಯುದ್ಧ ಕಾಲದ ವಿಲ್ಲಿಸ್ ಜೀಪು, ಮೊದಮೊದಲ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಇರುವುದು ಇದು. ಎಂಜಿನ್ನಿನಲ್ಲಿ ಕೂತ ಬಲ್ಬಿನ (ದೀಪದ್ದಲ್ಲ, ಲೋಹದ ಪುಟ್ಟ ಬುರುಡೆ) ಒಳಗೆ ಈಥರ್ ಎಂಬ ಬೇಗ ಆವಿಯಾಗುವ ದ್ರವ ಇರುತ್ತದೆ. ಬಿಸಿಗೆ ಅದು ಆವಿಯಾಗಿ, ಸಣ್ಣ ಕೊಳವೆಯ ಮೂಲಕ ಗೇಜಿನೊಳಗಿನ ಬಾಗಿದ ನಳಿಗೆಯನ್ನು ಒತ್ತುತ್ತದೆ. ಜಾತ್ರೆಯಲ್ಲಿ ಊದಿದರೆ ಬಿಚ್ಚಿಕೊಳ್ಳುವ ಕಾಗದದ ಪೀಪಿ ಇದೆಯಲ್ಲ, ಹಾಗೇ. ಫ್ರಾನ್ಸಿನ ಬೌರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಕೊಳವೆ ಎಲ್ಲಾದರೂ ಸೀಳಿದರೆ ಈಥರ್ ಹಾರಿಹೋಗುತ್ತದೆ, ಮುಳ್ಳು ಮೇಲೇಳುವುದೇ ಇಲ್ಲ. ಅದನ್ನು ಮನೆಯಲ್ಲಿ ಬೆಸುಗೆ ಹಾಕಲು ಹೋಗಬೇಡಿ. ಈಥರ್ ಕ್ಷಣದಲ್ಲಿ ಬೆಂಕಿ ಹಿಡಿಯುತ್ತದೆ. ಗೇಜ್ ರಿಪೇರಿ ಗೊತ್ತಿರುವವರಿಗೆ ಕೊಡಿ. ಮೂಲ ಡಯಲ್ ಮಾತ್ರ ಎಸೆಯಬೇಡಿ.

ಬಹುತೇಕ ಕೊಳವೆಗಳು ಮುರಿಯುವುದು ಬಿಚ್ಚುವಾಗ. ನಟ್ಟು ತುಕ್ಕು ಹಿಡಿದು ಬಲ್ಬಿಗೆ ಅಂಟಿಕೊಂಡಿರುತ್ತದೆ, ತಿರುಗಿಸಿದರೆ ಕೊಳವೆಯೂ ತಿರುಚಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕೊಳವೆಯನ್ನು ಕೈಯಲ್ಲಿ ಹಿಡಿದು, ನಟ್ಟು ಮಾತ್ರ ತಿರುಗುತ್ತಿದೆಯಾ ನೋಡುತ್ತಾ ಸ್ವಲ್ಪಸ್ವಲ್ಪವೇ ಬಿಚ್ಚಿ. ಮತ್ತೆ ಕೂರಿಸುವಾಗ ಉಳಿದ ಕೊಳವೆಯನ್ನು ದೊಡ್ಡ ಸುತ್ತಾಗಿ ಸುತ್ತಿಡಿ. ಮಡಚಬೇಡಿ, ಕತ್ತರಿಸಲೇಬೇಡಿ.

ಎರಡೂ ಜಾತಿಗೆ ಕೊನೆಯ ಪರೀಕ್ಷೆ ಅಡುಗೆಮನೆಯಲ್ಲಿ. ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ, ಬಲ್ಬನ್ನು ಮುಳುಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಎಲೆಕ್ಟ್ರಿಕ್ ಸೆಂಡರ್ ಆದರೆ ಟರ್ಮಿನಲ್ ನೀರಿಗೆ ತಾಗದಂತೆ ಹಿಡಿದು, ಮಲ್ಟಿಮೀಟರಿನಲ್ಲಿ ರೆಸಿಸ್ಟೆನ್ಸ್ ಒಂದೇ ಸಮನೆ ಇಳಿಯುತ್ತಿದೆಯಾ ನೋಡಿ. ನೀರು ಕುದಿಯುವಾಗ ಬೆಂಗಳೂರಿನಲ್ಲಿ 100 ಬರಲಿಲ್ಲ ಅಂತ ಗೇಜನ್ನು ಬೈಯಬೇಡಿ. 900 ಮೀಟರ್ ಎತ್ತರದ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಮಂಗಳೂರಿನವರಿಗೆ ಮಾತ್ರ ಪೂರಾ 100. ಡಯಲ್ ಫ್ಯಾರನ್‌ಹೀಟ್‌ನಲ್ಲಿದ್ದರೆ ಬೆಂಗಳೂರಿನಲ್ಲಿ 207ರ ಹತ್ತಿರ ನಿಂತರೆ ಸರಿ.

ಎಲ್ಲ ಜೋಡಿಸಿದ ಮೇಲೆ ನೀರು ತುಂಬಿಸಿ, ಮುಚ್ಚಳ ತೆಗೆದಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಇದ್ದರೆ ಅದನ್ನೂ ತೆರೆದಿಡಿ. ನೀರು ಬೆಚ್ಚಗಾಗುವವರೆಗೆ ಗಾಳಿಗುಳ್ಳೆ ಹೊರಬರಲಿ, ಮಟ್ಟ ಇಳಿದಂತೆ ನೀರು ಸೇರಿಸಿ, ಕುದಿಯುವ ಮುಂಚೆಯೇ ಮುಚ್ಚಳ ಹಾಕಿ. ಮಾರನೇ ದಿನ ಬೆಳಿಗ್ಗೆ ತಣ್ಣಗಿರುವಾಗ ಮತ್ತೊಮ್ಮೆ ಮಟ್ಟ ನೋಡಿ. ಸಾಮಾನ್ಯವಾಗಿ ಒಂದಿಷ್ಟು ಕಡಿಮೆಯಾಗಿರುತ್ತದೆ, ತುಂಬಿಸಿಯೇ ಹೊರಡಿ.