ಸೋರಿದ ಛತ್ತಿನ ಬಿರುಕು: ಮೊದಲು ಮಾಳಿಗೆ ನೋಡಿ, ಆಮೇಲೆ ಪುಟ್ಟಿ ತನ್ನಿ

ಕಲಬುರಗಿ, ಶಹಾಬಾದ್ ಕಡೆ ಬಹಳಷ್ಟು ಮನೆಗಳ ಮಾಳಿಗೆಗೆ ಫರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿರುತ್ತದೆ. ಮೇ ತಿಂಗಳ 42–43 ಡಿಗ್ರಿ ಬಿಸಿಲಿಗೆ ಹಗಲು ಹಿಗ್ಗಿ, ರಾತ್ರಿ ಕುಗ್ಗಿ, ಫರಸಿ ಸಂದಿನ ಸಿಮೆಂಟು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಅಲ್ಲಿಂದಲೇ ನೀರಿಳಿದು, ಒಳಗೆ ಟೆಕ್ಸ್ಚರ್ (ಉಬ್ಬು ವಿನ್ಯಾಸ) ಮಾಡಿಸಿದ ಛತ್ತಿನಲ್ಲಿ ಮೊದಲು ಕಂದು ಕಲೆ, ಆಮೇಲೆ ಬಿರುಕು ಕಾಣುತ್ತದೆ. ದೀಪಾವಳಿ ಬಂತೆಂದು ಅದರ ಮೇಲೇ ಪುಟ್ಟಿ ಎಳೆಸಬೇಡಿ. ಒಳಗೆ ಉಳಿದ ತೇವ ಅದನ್ನು ಹಕ್ಕಳೆ ಎಬ್ಬಿಸಿ ಕೆಡವುತ್ತದೆ.

ನೀರು ಸ್ಲ್ಯಾಬಿನೊಳಗೆ ಹರಿದು ಬರುವುದರಿಂದ ಕಲೆಯ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ಪ್ಯಾರಾಪೆಟ್ ಬುಡ, ನೀರು ಹೋಗುವ ಪೈಪಿನ ಬಾಯಿ, ಟ್ಯಾಂಕಿನ ಕೆಳಗೆ ಮೊದಲು ನೋಡಿ. ಬೇಸಿಗೆಯಲ್ಲೂ ಕಲೆ ಹಸಿಯಾಗಿದ್ದರೆ ಮಳೆಯನ್ನು ಬಿಟ್ಟು ಪೈಪು, ಬಚ್ಚಲು ಪರೀಕ್ಷಿಸಿ. ಬಾಯಿಬಿಟ್ಟ ಸಂದುಗಳನ್ನು 10–12 ಮಿ.ಮೀ. ಆಳ ಕೆರೆದು, ಧೂಳು ತೆಗೆದು, ಒದ್ದೆ ಮಾಡಿ, 1:3 ಸಿಮೆಂಟ್–ಮರಳಿಗೆ ವಾಟರ್‌ಪ್ರೂಫ್ ದ್ರಾವಣ ಕಲಸಿ ತುಂಬಿ. ಎಷ್ಟು ಕಲಸಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಕಣ್ಣಳತೆ ಬೇಡ. ಈ ಕೆಲಸ ಸಂಜೆ ಮಾಡಿಸಿ; ಬಿಸಿಲಿಗೆ ಕಾದ ಕಲ್ಲು ಗಾರೆಯ ನೀರನ್ನು ಹೀರಿಬಿಟ್ಟರೆ ಅದು ಪುಡಿಯಾಗುತ್ತದೆ. ಏಳು ದಿನ ಕ್ಯೂರಿಂಗ್ (ನೀರುಣಿಸಿ ಗಟ್ಟಿಯಾಗಿಸುವುದು) ಆದ ಮೇಲೆ ಪೈಪಿನ ಬಾಯಿ ಮುಚ್ಚಿ, ಒಂದು ಇಂಚು ನೀರು 24 ಗಂಟೆ ನಿಲ್ಲಿಸಿ. ಕೆಳಗೆ ಹನಿ ಕಾಣದಿದ್ದರೆ ಮುಂದಕ್ಕೆ ಹೋಗಿ.

ಇನ್ನು ಛತ್ತು ಒಣಗಬೇಕು. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಛತ್ತಿಗೆ ಅಂಟಿಸಿ, ಮರುದಿನ ತೆಗೆದು ನೋಡಿ. ಒಳಮೈ ಬೆವರಿದ್ದರೆ ಇನ್ನೂ ಕಾಯಿರಿ. ಗಾರೆಯ ಮೇಲೆ ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಿಂದಲೇ ಉಜ್ಜಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಇಳಿಯುತ್ತದೆ.

ಮೇನ್ ಸ್ವಿಚ್ ಬಂದ್ ಮಾಡಿ, ಫ್ಯಾನ್ ಇಳಿಸಿ, ಕನ್ನಡಕ ಮತ್ತು ಮಾಸ್ಕ್ ಹಾಕಿಕೊಂಡು ಛತ್ತನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಬನ್ನಿ. ಗಟ್ಟಿ ಗಿಲಾವು (ಪ್ಲಾಸ್ಟರ್) ಟಕ್ ಎನ್ನುತ್ತದೆ, ಬಿಟ್ಟುಕೊಂಡಿದ್ದು ಡಬ್ ಎನ್ನುತ್ತದೆ. ಡಬ್ ಎಂದದ್ದನ್ನೆಲ್ಲ ಕೆಡವಿ. ತುಕ್ಕು ಹಿಡಿದ ಸರಳು ಅಥವಾ ಸವೆದ ಫ್ಯಾನ್ ಕೊಂಡಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಎಂಜಿನಿಯರ್‌ಗೆ ತೋರಿಸಿ. ತುಕ್ಕು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ, ತೇಪೆ ಅದನ್ನು ತಡೆಯಲಾರದು. ಪಿ.ಓ.ಪಿ. (ಪ್ಲಾಸ್ಟರ್ ಆಫ್ ಪ್ಯಾರಿಸ್) ಛತ್ತು ನೆನೆದು ಜೋತಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸದು ಕೂಡಿಸುವುದೇ ಸರಿ.

ಗಿಲಾವು ಗಟ್ಟಿಯಿದ್ದು ಬರಿ ಬಿರುಕಿದ್ದರೆ ಅದನ್ನು 5–6 ಮಿ.ಮೀ. ಅಗಲಕ್ಕೆ ಬಿಡಿಸಿ, ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ, ಮೇಲೆ ಫೈಬರ್ ಜಾಲಿ ಟೇಪ್ ಹಚ್ಚಿ. ಕೆಡವಿದ ಜಾಗಕ್ಕೆ ಲೇಟೆಕ್ಸ್ (ಅಂಟಿಸುವ ದ್ರಾವಣ) ಕಲಸಿದ ಸಿಮೆಂಟ್ ಹಾಲು ಬಳಿದು, ಅದು ಅಂಟಂಟಾಗಿರುವಾಗಲೇ 1:4 ಗಿಲಾವು 6 ಮಿ.ಮೀ. ದಪ್ಪಕ್ಕೆ ಹಾಕಿ. ಒಂದು ಚದರ ಮೀಟರ್‌ಗೆ ಸುಮಾರು ಎರಡೂವರೆ ಕೆ.ಜಿ. ಸಿಮೆಂಟು, 10 ಕೆ.ಜಿ. ಸೋಸಿದ ಮರಳು ಸಾಕು. ಒಂದೇ ಸಲಕ್ಕೆ ದಪ್ಪ ಮೆತ್ತಿದರೆ ಭಾರಕ್ಕೆ ಜಾರುತ್ತದೆ. ವಾರವಿಡೀ ನೀರು ಸಿಂಪಡಿಸಿ, ಪೂರ್ತಿ ಒಣಗಿಸಿ.

ಕಲೆಯ ಮೇಲೆ ಕಲೆ ತಡೆಯುವ ಆಯಿಲ್ ಪ್ರೈಮರ್ ಹಚ್ಚಿ. ವಾಟರ್ ಪ್ರೈಮರ್ ಆದರೆ ಕಂದು ಬಣ್ಣ ಮತ್ತೆ ಮೇಲೇಳುತ್ತದೆ.

ನಿಜವಾದ ಕೈಚಳಕ ಬೇಕಾಗುವುದು ಟೆಕ್ಸ್ಚರ್ ಹೊಂದಿಸುವಾಗ. ಕತ್ತಲಲ್ಲಿ ಟಾರ್ಚನ್ನು ಛತ್ತಿಗೆ ಓರೆಯಾಗಿ ಹಿಡಿದರೆ ಹಳೆಯ ಉಬ್ಬು ರೋಲರ್‌ನದೋ, ಸ್ಪಂಜಿನದೋ, ಬ್ರಷ್‌ನದೋ ತಿಳಿಯುತ್ತದೆ. ಅದೇ ಸಾಧನ ತಂದು, ಟೆಕ್ಸ್ಚರ್ ಪೇಸ್ಟನ್ನು ಮೊದಲು ಪ್ಲೈವುಡ್ ತುಂಡಿನ ಮೇಲೆ ಹಚ್ಚಿ, ಛತ್ತಿನ ಪಕ್ಕ ಹಿಡಿದು ನೋಡಿ. ತುಂಡಿನ ಮೇಲಿನ ಹೊಸ ಉಬ್ಬು ಹಳೆಯದಕ್ಕಿಂತ ಚೂಪಾಗಿದ್ದರೆ ಹಳೆಯದರ ಮೇಲೆ ಬಣ್ಣದ ಪದರಗಳು ಕೂತಿವೆ ಎಂದರ್ಥ. ಆಗ ಪೇಸ್ಟಿಗೆ ತುಸು ನೀರು ಬೆರೆಸಿ. ಹೊಂದಿದ ಮೇಲೆ ಛತ್ತಿಗೆ ಹಚ್ಚಿ, ತೇಪೆಯ ಅಂಚನ್ನು ಒದ್ದೆ ಸ್ಪಂಜಿನಿಂದ ಒಂದಡಿಯವರೆಗೆ ತೆಳುವಾಗಿಸಿ. ಒಣಗಿದ ಮೇಲೆ ಗೋಡೆಯಿಂದ ಗೋಡೆಗೆ ಇಡೀ ಛತ್ತಿಗೆ ಎರಡು ಕೋಟ್ ಬಣ್ಣ ಕೊಡಿ. ತೇಪೆಗಷ್ಟೇ ಬಳಿದರೆ ಅದು ಬಾಗಿಲಿನಿಂದಲೇ ಎದ್ದು ಕಾಣುತ್ತದೆ.