ಮಿಜುಕಿ ನಾನಾ ಅವರ ಹಾದಿಯಲ್ಲಿ ನಾನು ದನಿ ಕಲಿತ ಬಗೆ

ಜಪಾನಿನಲ್ಲಿ ಆನಿಮೆ, ಅಂದರೆ ಅಲ್ಲಿನ ಕಾರ್ಟೂನ್ ಚಿತ್ರಗಳ ಪಾತ್ರಗಳಿಗೆ ದನಿ ಕೊಡುವವರನ್ನು ಸೇಯೂ ಅನ್ನುತ್ತಾರೆ. ಅವರಲ್ಲಿ ಹಾಡುವವರು ತುಂಬಾ ಜನ ಇದ್ದಾರೆ. ಹೆಚ್ಚಿನವರು ಮೊದಲು ನಟನೆಗೆ ಬರುತ್ತಾರೆ, ಹಾಡು ಆಮೇಲೆ ಸೇರಿಕೊಳ್ಳುತ್ತದೆ. ಮಿಜುಕಿ ನಾನಾ ಹಾಗಲ್ಲ. ಅವರು ಮೊದಲು ಹಾಡುಗಾರ್ತಿ, ನಂತರ ನಟಿ. ನನ್ನದೂ ಅದೇ ಕ್ರಮ. ಆದ್ದರಿಂದಲೇ ಅವರನ್ನು ನಾನು ಗುರುವಿನಂತೆ ಇಟ್ಟುಕೊಂಡೆ.

ನಾನು ಮೈಸೂರಿನಲ್ಲಿ ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ಕೆಲಸದ ಮೇಲೆ ಟೋಕಿಯೊಗೆ ಬಂದೆ. ಇಲ್ಲಿ ಶನಿವಾರದ ದನಿ ನಟನೆಯ ತರಗತಿಗೆ ಸೇರಿದೆ. ಈಗ ಬ್ಯಾಂಡ್‌ಗಳು ಜನರ ಮುಂದೆ ಹಾಡುವ ಸಣ್ಣ ಲೈವ್ ಹೌಸ್‌ಗಳಲ್ಲಿ ಗೆಳೆಯರ ಬ್ಯಾಂಡ್ ಜೊತೆ ಆನಿಮೆ ಹಾಡುಗಳನ್ನು ಹಾಡುತ್ತೇನೆ. ಸೇಯೂ ಆಗಿ ದುಡಿಯುತ್ತಿಲ್ಲ. ಆದರೂ ಆ ಕಸುಬಿನ ಒಳಗೆ ಏನೇನಿದೆ ಅಂತ ಗಂಟಲಿನಿಂದಲೇ ತಿಳಿದುಕೊಂಡಿದ್ದೇನೆ. ಆನಿಮೆ ಹಾಡು ಕಲಿಯಬೇಕು ಅನ್ನುವ ಕನ್ನಡದವರಿಗೆ ಇದು ಉಪಯೋಗಕ್ಕೆ ಬರಬಹುದು.

ಮಿಜುಕಿ ಹುಟ್ಟಿದ್ದು 1980ರ ಜನವರಿ 21ರಂದು. ಊರು ಶಿಕೋಕು ದ್ವೀಪದ ಎಹಿಮೆ ಪ್ರಾಂತ್ಯದ ನೀಹಾಮಾ. ಅಪ್ಪ ಹಲ್ಲಿನ ಸೆಟ್ಟು ಮಾಡುವ ತಂತ್ರಜ್ಞ. ಮಗಳು ಎಂಕಾ ಗಾಯಕಿ ಆಗಬೇಕು ಅನ್ನುವುದು ಅವರ ಆಸೆ. ಎಂಕಾ ಅಂದರೆ ಜಪಾನಿನ ಹಳೆ ಕಾಲದ ಭಾವದ ಹಾಡುಗಳು. ಅಗಲಿಕೆ, ಬಂದರು, ಮಳೆ, ಊರಿನ ನೆನಪು, ಇಂಥವೇ ಜಾಸ್ತಿ. ಅಪ್ಪ ಮನೆಯಲ್ಲೇ ಕೂರಿಸಿ ಕಲಿಸಿದರು. ಹುಡುಗಿ ಊರೂರಿನ ಸ್ಪರ್ಧೆಗಳಲ್ಲಿ ಹಾಡಿದಳು. ಕಲಾವಿದ ಮಕ್ಕಳು ಓದುವುದಕ್ಕೆ ಹೆಸರಾದ ಹೊರಿಕೋಶಿ ಹೈಸ್ಕೂಲ್ ಸೇರಲು ಟೋಕಿಯೊಗೆ ಬಂದಳು. ಎಂಕಾ ಗಾಯಕಿಯಾಗಿ ಮಾತ್ರ ಬಾಗಿಲು ತೆರೆಯಲಿಲ್ಲ. ಯೋಯೋಗಿ ಆನಿಮೇಷನ್ ಗಾಕುಯಿನ್‌ನಲ್ಲಿ ದನಿ ನಟನೆ ಕಲಿತರು. 1998ರಲ್ಲಿ ಒಂದು ವಿಡಿಯೊ ಗೇಮ್‌ನ ಪಾತ್ರಕ್ಕೆ ದನಿ ಕೊಟ್ಟು ಸೇಯೂ ಆದರು. 2000ದ ಡಿಸೆಂಬರ್‌ನಲ್ಲಿ ಕಿಂಗ್ ರೆಕಾರ್ಡ್ಸ್‌ನಿಂದ ಮೊದಲ ಸಿಂಗಲ್ ಬಂತು.

ಈ ಎಂಕಾ ಹಿನ್ನೆಲೆಯೇ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು. ಎಂಕಾದಲ್ಲಿ ಕೊಬುಶಿ ಅಂತ ಒಂದು ವರಸೆ ಇದೆ. ಒಂದು ಅಕ್ಷರದ ಮೇಲೆ ದನಿಯನ್ನು ಪಟ್ಟನೆ ಸುತ್ತಿಸಿ ಬಿಡುವುದು. ಕೇಳಿದ ಕೂಡಲೇ ನಮ್ಮ ಕಿವಿಗೆ ಗಮಕ ನೆನಪಾಗುತ್ತದೆ. ಆದರೆ ಕೆಲಸ ಮಾಡುವ ರೀತಿ ಬೇರೆ. ನಮ್ಮಲ್ಲಿ ಗಮಕ ಇಲ್ಲದಿದ್ದರೆ ರಾಗವೇ ನಿಲ್ಲುವುದಿಲ್ಲ. ತೋಡಿಯ ಗಾಂಧಾರವನ್ನು ನೇರವಾಗಿ ಹಿಡಿದರೆ ಅದು ತೋಡಿಯೇ ಅಲ್ಲ, ಅಲ್ವಾ? ಕೊಬುಶಿ ಹಾಗಲ್ಲ. ಸ್ವರ ನೇರವಾಗಿ ನಿಂತಿರುತ್ತದೆ. ಭಾವ ತುಂಬಿ ಬಂದ ಜಾಗದಲ್ಲಿ ಮಾತ್ರ ಆ ಸುತ್ತು ಬರುತ್ತದೆ.

ಮಿಜುಕಿ ತಮ್ಮ ವೇಗದ ರಾಕ್ ಹಾಡುಗಳಲ್ಲಿ ಕೊಬುಶಿಯನ್ನು ಇನ್ನೂ ಹಿಂದೆ ಸರಿಸುತ್ತಾರೆ. ಸಾಲಿನ ಕೊನೆಯ ಉದ್ದ ಸ್ವರದಲ್ಲಿ ವೈಬ್ರಾಟೊ, ಅಂದರೆ ಸ್ವರದ ಸಣ್ಣ ಅಲುಗಾಟ, ಬಂದಾಗ ಮಾತ್ರ ಆ ಹಳೆ ತಾಲೀಮು ಕೇಳಿಸುತ್ತದೆ. ಹಾಗಾಗಿ ನಾನು ಹೊಸ ಹಾಡನ್ನು ಹಿಡಿದಾಗ ಮೊದಲು ಪದ ಬಿಟ್ಟು ಬರೀ ಅಕಾರದಲ್ಲಿ, ಲಯ ತಟ್ಟುವ ಮೆಟ್ರೊನೋಮ್ ಇಟ್ಟುಕೊಂಡು, ಸ್ವರ ಅಲ್ಲಾಡದಂತೆ ಹಾಡುತ್ತೇನೆ. ಅದು ಗಟ್ಟಿಯಾದ ಮೇಲೆ ಪದ. ವೈಬ್ರಾಟೊ ಎಲ್ಲಕ್ಕಿಂತ ಕೊನೆಗೆ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಮೊದಲು ಬೋಳುಬೋಳಾಗಿ ಕೇಳಿಸುತ್ತದೆ. ಸ್ವಲ್ಪ ದಿನ ತಾಳಿಕೊಳ್ಳಿ. ಆ ನೇರ ಸ್ವರದಲ್ಲಿ ಬೇರೆಯದೇ ಶಕ್ತಿ ಇದೆ.

ನಮಗೆ ಅನುಕೂಲ ಇರುವ ಜಾಗ ಒಂದಿದೆ, ಅದು ಲೆಕ್ಕ. ಜಪಾನಿ ಹಾಡು ನಿಂತಿರುವುದು ಮಾತ್ರೆಗಳ ಮೇಲೆ. ನಾವು ಶಾಲೆಯಲ್ಲಿ ಲಘು ಗುರು ಹಾಕಿದೆವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ನಿಪ್ಪೊನ್ ಅಂದರೆ ಎರಡು ಗುರು, ನಾಲ್ಕು ಮಾತ್ರೆ. ಮೇಷ್ಟ್ರಿಗೆ ಹೇಳುವ ಸೆನ್ಸೇ ಅನ್ನುವ ಪದಕ್ಕೂ ನಾಲ್ಕು. ದೀರ್ಘ ಸ್ವರ, ಒತ್ತಕ್ಷರ, ಕೊನೆಯ ನಕಾರ, ಎಲ್ಲಕ್ಕೂ ಒಂದೊಂದು ಮಾತ್ರೆ ಸಲ್ಲಬೇಕು. ತರಗತಿಯಲ್ಲಿ ಇಂಗ್ಲಿಷ್ ಮಾತಾಡಿ ಬೆಳೆದ ಗೆಳೆಯರು ಇಲ್ಲೇ ಒದ್ದಾಡುತ್ತಿದ್ದರು. ನಾನು ತೊಡೆ ತಟ್ಟಿ ತಾಳ ಹಾಕಿಕೊಂಡು ಹೇಳಿದೆ, ಸರಿಯಾಗಿ ಕೂತಿತು.

ನಮಗೆ ಕಷ್ಟ ಆಗುವುದು ಬೇರೆ ಕಡೆ. ಕನ್ನಡದಲ್ಲಿ ಪದದ ಕೊನೆಯ ಸ್ವರವನ್ನು ನಾವು ತುಂಬಿ ಹೇಳುತ್ತೇವೆ. ಟೋಕಿಯೊ ಮಾತಿನಲ್ಲಿ 'ದೆಸು' ಅನ್ನುವಾಗ ಕೊನೆಯ ಉಕಾರ ಬರೀ ಉಸಿರಾಗಿ ಹೋಗುತ್ತದೆ. ಅದನ್ನು ಬಿಡುವುದಕ್ಕೆ ನನಗೆ ತುಂಬಾ ಕಾಲ ಹಿಡಿಯಿತು. ಇನ್ನು ಮಾತಿನ ಏರಿಳಿತ. ಶಿಕೋಕು ಕಡೆಯ ಏರಿಳಿತ ಬೇರೆ, ಟೋಕಿಯೊದ್ದು ಬೇರೆ. ದನಿ ನಟನೆಗೆ ಟೋಕಿಯೊದ್ದೇ ಬೇಕು. ಬೇರೆ ಊರಿಂದ ಬಂದ ಜಪಾನಿಯರೂ ಉಚ್ಚಾರಣೆಯ ನಿಘಂಟು ತೆಗೆದು ಒಂದೊಂದೇ ಪದ ನೋಡುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಬಾಯಿ ತಿರುಗಲು 'ಉಯ್ರೋ ಉರಿ' ಹೇಳಿಸುತ್ತಾರೆ. ಇದು 1718ರಲ್ಲಿ ಎರಡನೇ ಇಚಿಕಾವಾ ದಂಜೂರೊ ಅನ್ನುವ ನಟ ಜಪಾನಿನ ಹಳೆ ನಾಟಕ ಪದ್ಧತಿಯಾದ ಕಬುಕಿಯ ರಂಗದ ಮೇಲೆ ಹೇಳಿದ ಉದ್ದನೆಯ ಮಾತು. ಔಷಧಿ ಮಾರುವವನೊಬ್ಬ ಒಂದೇ ಉಸಿರಿನಲ್ಲಿ ನಾಲಿಗೆ ತೊಡರುವ ಪದಗಳನ್ನು ಸುರಿಯುತ್ತಾ ಹೋಗುತ್ತಾನೆ. ಇಷ್ಟು ವರ್ಷ ಆದರೂ ಸೇಯೂ ಕಲಿಯುವವರೆಲ್ಲ ಅದರಿಂದಲೇ ಶುರು ಮಾಡುತ್ತಾರೆ.

ಈಗ ನಟನೆಗೆ ಬರುತ್ತೇನೆ. ಮಿಜುಕಿ ಅವರ ದನಿಯನ್ನು ಅತಿ ಹೆಚ್ಚು ಜನ ಕೇಳಿರುವುದು ಬಹುಶಃ ನರುಟೊ ಅನ್ನುವ ಆನಿಮೆಯ ಹಿನಾತಾ ಪಾತ್ರದ ಮೂಲಕ. ಟಿವಿಯಲ್ಲಿ ಅದು 2002ರಲ್ಲಿ ಶುರುವಾಯಿತು. ಹಿನಾತಾ ನಾಚಿಕೆಯ ಹುಡುಗಿ. ಮಾತು ಅರ್ಧಕ್ಕೇ ನಿಲ್ಲುತ್ತದೆ. ವೇದಿಕೆಯ ಮೇಲೆ ಅಷ್ಟು ಗಟ್ಟಿಯಾಗಿ ಹಾಡುವ ಅದೇ ಗಂಟಲು, ಕಥಾನಾಯಕನನ್ನು 'ನರುಟೊ ಕುನ್' ಅಂತ ಇಷ್ಟು ಮೆಲ್ಲಗೆ ಕರೆಯುತ್ತದೆ. ನನಗೆ ಅವರ ದೊಡ್ಡ ಹಾಡುಗಳಿಗಿಂತ ಇದೇ ದೊಡ್ಡ ಕೆಲಸ ಅನ್ನಿಸುತ್ತದೆ.

ಯಾಕೆ ಅಂತ ತರಗತಿಯಲ್ಲಿ ಗೊತ್ತಾಯಿತು. ಸಣ್ಣ ದನಿಯಲ್ಲಿ ಮಾತಾಡಿ ಅಂದಾಗ ನಾವೆಲ್ಲ ಉಸಿರನ್ನೂ ಸಣ್ಣ ಮಾಡುತ್ತಿದ್ದೆವು. ಮೈಕ್‌ನಲ್ಲಿ ಏನೂ ಬರುತ್ತಿರಲಿಲ್ಲ. "ದನಿ ಕಡಿಮೆ ಮಾಡಿ, ಉಸಿರು ಕಡಿಮೆ ಮಾಡಬೇಡಿ," ಅಂದರು ಸೆನ್ಸೇ. ಪಿಸುದನಿಗೆ ಉಸಿರು ಜಾಸ್ತಿ ಬೇಕು. ಗಾಳಿ ಸೋರುತ್ತಾ ಹೋಗುತ್ತದೆ, ಹೊಟ್ಟೆ ಅದನ್ನು ತಡೆದು ಹಿಡಿಯಬೇಕು. ನಾನು ಮಾಡಿದ್ದು ಇಷ್ಟು. ಒಂದೇ ಸಾಲನ್ನು ಮೊದಲು ಪೂರ್ತಿ ದನಿಯಲ್ಲಿ ಹೇಳುವುದು, ಹೊಟ್ಟೆಯ ಮೇಲೆ ಕೈ ಇಟ್ಟು. ಆಮೇಲೆ ಕೈಗೆ ಅದೇ ಬಿಗಿ ಸಿಗಬೇಕು, ದನಿ ಮಾತ್ರ ಇಳಿಯಬೇಕು. ಮಂದ್ರ ಸ್ಥಾಯಿಯಲ್ಲಿ ಸಾಧನೆ ಮಾಡಿದವರಿಗೆ ಈ ಬಿಗಿ ಬೇಗ ಸಿಗುತ್ತದೆ.

ಮೈಕ್ ಮುಂದಿನ ಶಿಸ್ತು ಇನ್ನೊಂದು. ಆನಿಮೆ ದನಿಮುದ್ರಣದಲ್ಲಿ ಮೂರು ನಾಲ್ಕು ಮೈಕ್ ಸಾಲಾಗಿ ನಿಂತಿರುತ್ತವೆ. ನಟರು ತಮ್ಮ ಸರದಿ ಬಂದಾಗ ಎದ್ದು ಬಂದು, ಹೇಳಿ, ಪಕ್ಕಕ್ಕೆ ಸರಿಯುತ್ತಾರೆ. ಹೆಜ್ಜೆ ಸದ್ದು ಮಾಡಬಾರದು. ಪುಟ ತಿರುಗಿಸಿದ್ದು ಕೇಳಬಾರದು. ಸರಬರ ಅನ್ನುವ ಬಟ್ಟೆ, ಬಳೆ ಯಾವುದೂ ಬೇಡ. ಚಿತ್ರ ಪೂರ್ತಿ ಆಗಿರುವುದೇ ಅಪರೂಪ. ಎಷ್ಟೋ ಸಲ ಬರೀ ಪೆನ್ಸಿಲ್ ಗೆರೆ, ಪರದೆಯ ಮೇಲೆ ಪಾತ್ರದ ಹೆಸರು ಬಂದು ಹೋಗುವಷ್ಟು ಹೊತ್ತು ನಿಮ್ಮ ಮಾತು. ನಾವು ತರಗತಿಯಲ್ಲಿ ಇದನ್ನೆಲ್ಲ ಆಡಿ ಆಡಿ ಕಲಿತೆವು. ಪುಟವನ್ನು ಮೂಲೆಯಿಂದ ಎತ್ತಿ, ಗಾಳಿಯಲ್ಲೇ ಮಗುಚಬೇಕು.

ಈ ಕಸುಬಿನಲ್ಲಿ ದುಡ್ಡಿನ ದಾರಿ ಸುಲಭ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಟರ ಒಕ್ಕೂಟದ ದರ್ಜೆಯ ಪ್ರಕಾರ ಹೊಸಬರಿಗೆ 30 ನಿಮಿಷದ ಒಂದು ಕಂತಿಗೆ 15,000 ಯೆನ್. ಒಂದೇ ಸಾಲು ಹೇಳಲಿ, ನೂರು ಸಾಲು ಹೇಳಲಿ, ಅಷ್ಟೇ. ಅದರಲ್ಲಿ ಏಜೆನ್ಸಿಯ ಪಾಲೂ ಹೋಗಬೇಕು. ಹಾಡು, ರೇಡಿಯೊ, ವೇದಿಕೆ ಎಲ್ಲವನ್ನೂ ಒಬ್ಬರೇ ಮಾಡುವುದು ಯಾಕೆ ಅಂತ ಇದರಿಂದ ಅರ್ಥವಾಗುತ್ತದೆ.

ಹಾಡಿನಲ್ಲಿ ಮಿಜುಕಿ ಮೇಲೆ ಬಂದದ್ದು ನಿಧಾನಕ್ಕೆ. 2004ರಲ್ಲಿ ಮಹೋ ಶೋಜೊ ಲಿರಿಕಲ್ ನಾನೊಹಾ ಅನ್ನುವ ಆನಿಮೆ ಬಂತು. ಅದರಲ್ಲಿ ಫೇಟ್ ಅನ್ನುವ ಪಾತ್ರದ ದನಿ ಅವರದ್ದು, ಶೀರ್ಷಿಕೆ ಹಾಡೂ ಅವರದ್ದೇ. ಮರುವರ್ಷ ಅದರ ಮುಂದಿನ ಭಾಗಕ್ಕೆ ಹಾಡಿದ 'ಎಟರ್ನಲ್ ಬ್ಲೇಜ್' ಜಪಾನಿನಲ್ಲಿ ಹಾಡುಗಳ ಮಾರಾಟ ಲೆಕ್ಕ ಹಾಕುವ ಓರಿಕಾನ್ ವಾರದ ಪಟ್ಟಿಯಲ್ಲಿ ಎರಡನೇ ಸ್ಥಾನ ಮುಟ್ಟಿತು. ಸಾಹಿತ್ಯ ಅವರದ್ದೇ, ಸಂಗೀತ ಅಗೆಮಾತ್ಸು ನೊರಿಯಾಸು ಅವರದ್ದು. 2009ರಲ್ಲಿ ಅವರ ಆಲ್ಬಮ್, 2010ರ ಜನವರಿಯಲ್ಲಿ ಸಿಂಗಲ್ ಅದೇ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದವು. ಸೇಯೂ ಒಬ್ಬರಿಗೆ ಹೀಗಾದದ್ದು ಎರಡೂ ಸಲ ಅದೇ ಮೊದಲು. 2009ರಿಂದ 2014ರವರೆಗೆ ಪ್ರತಿ ಡಿಸೆಂಬರ್ 31ರ ರಾತ್ರಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಕೊಹಾಕು ಕಾರ್ಯಕ್ರಮದಲ್ಲಿ ಹಾಡಿದರು. ಇಡೀ ಜಪಾನ್ ಮನೆಮಂದಿಯೆಲ್ಲ ಕೂತು ನೋಡುವ ಕಾರ್ಯಕ್ರಮ ಅದು. 2011ರ ಡಿಸೆಂಬರ್‌ನಲ್ಲಿ ಅವರು ಹಾಡಿದಾಗ ಟೋಕಿಯೊ ಡೋಮ್ ಕ್ರೀಡಾಂಗಣದ ತುಂಬ ಅಭಿಮಾನಿಗಳ ಕೈಯಲ್ಲಿ ನೀಲಿ ಬೆಳಕಿನ ಕಡ್ಡಿಗಳು. ನೀಲಿ ಅವರ ಬಣ್ಣ. 2016ರಲ್ಲಿ ಕೋಶಿಯೆನ್ ಬೇಸ್‌ಬಾಲ್ ಮೈದಾನದಲ್ಲಿ ಹಾಡಿದರು. ಅಲ್ಲಿ ಆಡುವ ಹ್ಯಾನ್ಶಿನ್ ಟೈಗರ್ಸ್ ತಂಡಕ್ಕೆ ಅವರು ಹಳೆ ಅಭಿಮಾನಿ.

ಆನಿಮೆ ಓಡಿತು, ಆದ್ದರಿಂದ ಹಾಡೂ ಓಡಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 'ಎಟರ್ನಲ್ ಬ್ಲೇಜ್' ಹಾಡಲು ಒಮ್ಮೆ ಪ್ರಯತ್ನಿಸಿ ನೋಡಿ. ಪದಗಳು ಒತ್ತೊತ್ತಾಗಿ ಬರುತ್ತವೆ, ಸ್ವರ ಮೇಲಕ್ಕೇ ಹೋಗುತ್ತದೆ, ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ. ನಾನು ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಉಸಿರಿನ ಜಾಗಕ್ಕೆ ಕೆಂಪು ಗೆರೆ ಹಾಕಿದೆ. ಹಾಡದೆ, ಬರೀ ಮಾತಿನಂತೆ, ಆ ಗೆರೆಗಳಲ್ಲಿ ಮಾತ್ರ ಉಸಿರೆಳೆದು ಓದಿದೆ. ಮೊದಲು ಅರ್ಧ ವೇಗ, ಆಮೇಲೆ ಪೂರ್ತಿ. ಓದು ಸಲೀಸಾದ ಮೇಲಷ್ಟೇ ರಾಗ. ಯಾರು ಯಾರಿಗೆ ಹೇಳುತ್ತಿರುವ ಮಾತು ಅಂತ ಓದುವಾಗಲೇ ಗಟ್ಟಿ ಮಾಡಿಕೊಂಡರೆ ಉಸಿರು ಎಲ್ಲಿ ಬೇಕೋ ಅಲ್ಲಿ ತಾನಾಗಿ ಬರುತ್ತದೆ. ಹಾಡನ್ನು ಸಂಭಾಷಣೆಯಾಗಿ ಓದುವ ಈ ಅಭ್ಯಾಸದಷ್ಟು ಬೇರೆ ಯಾವುದೂ ನನ್ನ ಹಾಡಿಗೆ ಉಪಕಾರ ಮಾಡಿಲ್ಲ.

ಇದರ ಕೊನೆಯ ಮೆಟ್ಟಿಲು ಸಿಂಫೊಗಿಯರ್. 2012ರಲ್ಲಿ ಶುರುವಾದ ಈ ಆನಿಮೆಯಲ್ಲಿ ಹುಡುಗಿಯರು ಹಾಡುತ್ತಲೇ ಯುದ್ಧ ಮಾಡುತ್ತಾರೆ. ಮಿಜುಕಿ ಅವರದ್ದು ಕತ್ತಿ ಹಿಡಿದ ಕಜನಾರಿ ತ್ಸುಬಾಸಾ ಪಾತ್ರ. ಕಾಳಗದ ಹಾಡುಗಳನ್ನು ನಟರು ಸಂಭಾಷಣೆಯ ಜೊತೆಗೇ ಮೈಕ್ ಮುಂದೆ ಹಾಡಿದ್ದಾರೆ. ಏಟು ಬಿದ್ದರೆ ಹಾಡು ತುಂಡಾಗುತ್ತದೆ, ದಣಿದರೆ ಸ್ವರ ನಡುಗುತ್ತದೆ. ಆದರೂ ಶ್ರುತಿ ಪೂರ್ತಿ ಬಿಟ್ಟುಹೋಗುವುದಿಲ್ಲ. ಇದನ್ನು ಅಭ್ಯಾಸ ಮಾಡಲು ನಾನು ಮೆಟ್ಟಿಲು ಹತ್ತಿ ಇಳಿದು, ಏದುಸಿರಿನಲ್ಲೇ ಪಲ್ಲವಿ ಹಾಡುತ್ತೇನೆ. ಕಿವಿಯಲ್ಲಿ ಮೊಬೈಲ್ ತಂಬೂರಿ ಇರುತ್ತದೆ. ದಣಿವು ಕೇಳಿಸಬೇಕು, ಷಡ್ಜ ಮಾತ್ರ ಜಾರಬಾರದು.

ಸದ್ಯ ಕೈಯಲ್ಲಿರುವುದು ತ್ಸುಬಾಸಾ ಮತ್ತು ಅದೇ ಆನಿಮೆಯಲ್ಲಿ ಅವಳ ಜೊತೆ ಹಾಡುವ ಕನಾದೆಯ ಜೋಡಿ ಹಾಡು. ಕನಾದೆಗೆ ದನಿ ಕೊಟ್ಟವರು ತಕಾಯಾಮಾ ಮಿನಾಮಿ. ಇಬ್ಬರೂ ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಾಡಬೇಕು. ನಮ್ಮ ಪದ್ಧತಿಯಲ್ಲಿ ಇಂಥ ಪಾಠ ಇಲ್ಲ, ಪಕ್ಕದವರ ಸ್ವರಕ್ಕೆ ಸೇರಿಕೊಳ್ಳುವುದೇ ನಮ್ಮ ಕಿವಿಯ ರೂಢಿ. ಅದಕ್ಕೆ ನನ್ನ ಜೊತೆ ಹಾಡುವ ಗೆಳತಿಯ ಭಾಗವನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಅದನ್ನು ಮೊದಲು ಸಣ್ಣಗೆ ಇಟ್ಟು ನನ್ನ ಭಾಗ ಹಾಡುತ್ತೇನೆ, ದಿನ ದಿನ ಸದ್ದು ಏರಿಸುತ್ತಾ ಹೋಗುತ್ತೇನೆ. ಪಲ್ಲವಿ ಈಗ ನಿಲ್ಲುತ್ತದೆ. ಚರಣದ ಎರಡನೇ ಸಾಲು ಇನ್ನೂ ಅವಳ ಸ್ವರಕ್ಕೇ ಎಳೆಯುತ್ತದೆ, ಶನಿವಾರ ಅಲ್ಲಿಂದಲೇ ಶುರು ಮಾಡಬೇಕು.