ಬತ್ತಿದ ಕೆರೆಯಂಗಳದಲ್ಲಿ ಡೇರೆ ಹಾಕುವುದು ಹೇಗೆ?

ಅಮೆರಿಕದ ಆರಿಗನ್ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಸ್ಟೀನ್ಸ್ ಪರ್ವತದ ಮಳೆನೆರಳಿನಲ್ಲಿ ಆಲ್ವರ್ಡ್ ಮರುಭೂಮಿಯಿದೆ. ಸುಮಾರು 1,200 ಮೀಟರ್ ಎತ್ತರದ ಈ ಬಯಲು ಮಳೆ, ಹಿಮದ ನೀರು ಹರಡಿದಾಗ ತೆಳ್ಳನೆಯ ಕೆರೆ. ಬೇಸಿಗೆಯಲ್ಲಿ ಬರೀ ಸವುಳು ನೆಲ. ಇದು ಸರ್ಕಾರಿ ಜಮೀನು, 14 ದಿನದವರೆಗೆ ತಂಗಬಹುದು. ನಲ್ಲಿಯಿಲ್ಲ, ಶೌಚಾಲಯವಿಲ್ಲ.

ಮೊದಲು ಸಾಮಾನು. ಒಬ್ಬರಿಗೆ ದಿನಕ್ಕೆ 4 ಲೀಟರ್ ನೀರು, ಜೊತೆಗೆ ಎರಡು ದಿನಕ್ಕಾಗುವಷ್ಟು ಹೆಚ್ಚುವರಿ ನೀರು, ಅವಲಕ್ಕಿ. ಪೆಟ್ರೋಲ್ ಟ್ಯಾಂಕ್ ಭರ್ತಿಯಿರಲಿ.

ಎಲ್ಲರೂ ಎಡವುವುದು ಕಾರು ಇಳಿಸುವಾಗ. ಒಣಗಿದಂತೆ ಕಾಣುವ ನೆಲ ಮೇಲೆ ಹಪ್ಪಳ, ಅಡಿಯಲ್ಲಿ ಹಲಸಿನ ಮೇಣ. ಕಾರನ್ನು ದಂಡೆಯಲ್ಲೇ ನಿಲ್ಲಿಸಿ, ಅದು ಸಾಗಬೇಕಾದ ದಾರಿಯುದ್ದಕ್ಕೂ ನಡೆಯಿರಿ. ಇಪ್ಪತ್ತು ಹೆಜ್ಜೆಗೊಮ್ಮೆ ಹಿಮ್ಮಡಿಯನ್ನು ಬಲವಾಗಿ ಊರಿ ತಿರುಗಿಸಿ. ಗೀರಷ್ಟೇ ಮೂಡಿದರೆ ಮುಂದೆ ಹೋಗಿ. ಒದ್ದೆ ಮಣ್ಣು ಬೂಟಿಗೆ ಮೆತ್ತಿಕೊಂಡರೆ ಹಿಂತಿರುಗಿ. ಬಿಳಿಚಿಕೊಂಡು ಬಿರುಕುಬಿಟ್ಟ ನೆಲವನ್ನು ನಂಬಬಹುದು, ಕಂದುಬಣ್ಣಕ್ಕೆ ತಿರುಗಿದ ಪಟ್ಟೆಯನ್ನು ನಂಬಬೇಡಿ. ಬೇರೆಯವರ ಚಕ್ರದ ಗುರುತು ಸಾಕ್ಷಿಯಲ್ಲ, ಅವರು ಹೋದ ದಿನ ಯಾವುದೋ! ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಗಾಡಿಯೆಂಬ ಜಂಬವೂ ಬೇಡ. ಅಂಥದ್ದೊಂದು ನನ್ನ ಕಣ್ಣೆದುರೇ ಬಾಗಿಲಿನ ಮೆಟ್ಟಿಲವರೆಗೆ ಹೂತು, ಗಿರ್ರೆಂದು ಚಕ್ರ ತಿರುಗಿಸುತ್ತಾ ಇನ್ನೂ ಆಳಕ್ಕಿಳಿಯಿತು. ಎಳೆಯುವ ಲಾರಿ ಕರೆಸೋಣವೆಂದರೆ ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ.

ನೀರಿದ್ದರೆ ಅಂಚಿನಿಂದ ಅರ್ಧ ಕಿಲೋಮೀಟರ್ ದೂರವಿರಿ. ಬೆರಳುದ್ದ ಆಳದ ನೀರನ್ನು ಗಾಳಿ ರಾತ್ರೋರಾತ್ರಿ ನಿಮ್ಮ ಹಾಸಿಗೆಯ ಬಳಿಗೆ ತಳ್ಳಿಬಿಡಬಲ್ಲದು.

ಗಾಳಿ ಬೀಸುವ ಕಡೆಗೆ ಕಾರು ಅಡ್ಡವಿರಲಿ, ಅದರ ಮರೆಯಲ್ಲಿ ಡೇರೆ. ಡೇರೆಯ ಜೊತೆ ಬರುವ ತಂತಿಯಂಥ ಗೂಟಗಳು ಈ ನೆಲದಲ್ಲಿ ಮಣಿಯುತ್ತವೆ, ಮನೆಯಲ್ಲೇ ಬಿಟ್ಟುಬನ್ನಿ. ಒಂದಡಿ ಉದ್ದದ ದಪ್ಪ ಕಬ್ಬಿಣದ ಮೊಳೆ, ಒಂದು ಸುತ್ತಿಗೆ ಸಾಕು.

ಬೆಂಕಿ ಬೇಕಿದ್ದರೆ ಸೌದೆ ನೀವೇ ತನ್ನಿ, ಕಬ್ಬಿಣದ ಬಾಣಲೆಯಲ್ಲಿ ಹೊತ್ತಿಸಿ. ಮೊಳೆ ಹೊಡೆದ ಹಳೆಯ ಹಲಗೆಗಳನ್ನು ಸುಡುವವರಿಂದಲೇ ಮುಂದಿನವರ ಟಯರ್ ಪಂಕ್ಚರ್ ಆಗುವುದು. ಮಲವನ್ನೂ ಹೂಳದೆ, ಅದಕ್ಕೆಂದೇ ಸಿಗುವ ಚೀಲದಲ್ಲಿ ಕಟ್ಟಿ ವಾಪಸ್ ಒಯ್ಯಿರಿ.

ಸ್ಟೀನ್ಸ್ ಮೇಲೆ ಮೋಡ ಕಪ್ಪಾಯಿತೇ? ಅಡುಗೆ ಅರ್ಧವಾಗಿದ್ದರೂ ಗಂಟುಮೂಟೆ ಕಟ್ಟಿ ದಂಡೆ ಸೇರಿ. ಮಳೆ ಆಗಲೇ ಬಿದ್ದಿದ್ದರೆ ಕಾರು ಅಲುಗಿಸಬೇಡಿ, ನೆಲ ಒಣಗುವವರೆಗೆ ಅಲ್ಲೇ ಕುಳಿತಿರಿ. ಎರಡು ದಿನದ ಅವಲಕ್ಕಿ ಹೆಚ್ಚಿಗೆ ಕಟ್ಟಿಕೊಳ್ಳಿ ಎಂದದ್ದು ಇದಕ್ಕೇ.